ನೋವಿಗೆ ಇಟ್ಟುಕೊಂಡ ಹೆಸರು

ಕನ್ನಡದಲ್ಲಿ ರೋಗವು ಮನುಷ್ಯನ ಬಳಿಗೆ ಬರುತ್ತದೆ; ಮನುಷ್ಯನೇ ರೋಗವಾಗುವುದಿಲ್ಲ. ‘ಅವನಿಗೆ ಜ್ವರ ಬಂದಿದೆ’, ‘ಅವಳಿಗೆ ತಲೆನೋವು’, ‘ಮಗುವಿಗೆ ಕೆಮ್ಮು’ ಎನ್ನುತ್ತೇವೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ರೋಗಿಯು ಚತುರ್ಥೀ ವಿಭಕ್ತಿಯಲ್ಲಿ ನಿಂತಿರುತ್ತಾನೆ. ಬಂದದ್ದು ಹೋದ ಮೇಲೆ ಆ ಪ್ರತ್ಯಯವೂ ಕಳಚಿಬಿದ್ದು, ಅವನು ಮೊದಲಿನ ರಾಮಣ್ಣನೋ ಭೀಮಣ್ಣನೋ ಆಗಿ ತನ್ನ ಕೆಲಸಕ್ಕೆ ಹೊರಡುತ್ತಾನೆ. ಮನಸ್ಸಿನ ಕಾಯಿಲೆಯೂ ಮೊದಲು ಹೀಗೆಯೇ ಬರುತ್ತದೆ. ‘ಅವನಿಗೆ ಹುಚ್ಚು ಹಿಡಿದಿದೆ’ ಎನ್ನುತ್ತೇವೆ. ಆದರೆ ಈ ವಾಕ್ಯಕ್ಕೆ ಆಯುಸ್ಸು ಕಡಮೆ. ತಿಂಗಳು ತುಂಬುವುದರೊಳಗಾಗಿ ಅದು ‘ಅವನು ಹುಚ್ಚ’ ಎಂದಾಗಿಬಿಡುತ್ತದೆ. ಚತುರ್ಥಿಯಲ್ಲಿದ್ದವನು ಪ್ರಥಮೆಗೆ ಬರುತ್ತಾನೆ. ರೋಗವೂ ರೋಗಿಯೂ ಒಂದೇ ಪದವಾಗುತ್ತಾರೆ. ಮುಂದೆ ಔಷಧೋಪಚಾರದಿಂದ ಹುಚ್ಚು ಬಿಟ್ಟರೂ ಹುಚ್ಚನೆಂಬ ಹೆಸರು ಬಿಡುವುದಿಲ್ಲ. ತಂಗಿಯ ಮದುವೆಯ ಮಾತು ನಡೆಯುವಾಗ, ಬಾಡಿಗೆಗೆ ಮನೆ ಕೇಳಿದಾಗ, ಕೆಲಸಕ್ಕೆ ಅರ್ಜಿ ಹಾಕಿದಾಗ, ಹತ್ತು ವರ್ಷದ ಹಿಂದಿನ ಆ ಹೆಸರು ಅವನಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಿರುತ್ತದೆ.

ಮಾನಸಿಕ ರೋಗದ ಕಳಂಕವೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ಬಹುಪಾಲು ಈ ಹೆಸರಿನಲ್ಲಿ ಅಡಗಿದೆ. ಹೆಸರನ್ನು ಇಟ್ಟವರು ಇತರರು, ಹೊತ್ತವನು ಅವನು. ಜನರು ಬೀದಿಯ ಹೆಸರನ್ನಿಟ್ಟರು, ವೈದ್ಯರು ಗ್ರೀಕ್ ಲ್ಯಾಟಿನ್ ಹೆಸರನ್ನಿಟ್ಟರು, ಕಾಯಿದೆಯವರು ಕಾಯಿದೆಯ ಹೆಸರನ್ನಿಟ್ಟರು. ನೊಂದವನನ್ನು ಮಾತ್ರ ಯಾರೂ ಕೇಳಲಿಲ್ಲ. ಅವನನ್ನೇ ಕೇಳಿದರೆ, ಅದರಲ್ಲಿಯೂ ಅವನಂತೆಯೇ ನೊಂದ ಹತ್ತು ಜನರ ನಡುವೆ ಕೂಡಿಸಿ ಕೇಳಿದರೆ, ಏನಾದೀತು? ಈ ಪ್ರಶ್ನೆಗೆ ನಾಲ್ಕು ದಶಕಗಳಿಂದ ಉತ್ತರ ಕೊಡುತ್ತಿರುವ ಒಂದು ಸಣ್ಣ ಊರು ಜಪಾನಿನಲ್ಲಿದೆ. ಅದರ ಕಥೆಯನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಜಪಾನಿನ ಉತ್ತರದ ದೊಡ್ಡ ದ್ವೀಪ ಹೊಕ್ಕೈದೋ. ಅದರ ದಕ್ಷಿಣ ಕರಾವಳಿಯಲ್ಲಿ, ಹಿದಾಕಾ ಎಂಬ ಸೀಮೆಯಲ್ಲಿ, ಉರಕಾವ ಎಂಬ ಪಟ್ಟಣವಿದೆ. ೨೦೨೦ರ ಜನಗಣತಿಯ ಹೊತ್ತಿಗೆ ಅಲ್ಲಿಯ ಜನಸಂಖ್ಯೆ ಹನ್ನೆರಡು ಸಾವಿರದ ಆಸುಪಾಸಿನಲ್ಲಿತ್ತು; ಅದೂ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದ ಲೆಕ್ಕ. ಪಂದ್ಯದ ಕುದುರೆಗಳನ್ನು ಸಾಕುವುದು, ಮೀನು ಹಿಡಿಯುವುದು, ಕಡಲಿನ ಕೊಂಬು ಎಂಬ ಪಾಚಿಯನ್ನು ತೆಗೆದು ಒಣಗಿಸುವುದು ಅಲ್ಲಿಯವರ ಜೀವನೋಪಾಯ. ನಮ್ಮಲ್ಲಿ ಸಾರಿಗೆ ಬೇಳೆಯ ಕಟ್ಟು ಹೇಗೋ ಜಪಾನೀಯರ ಅಡಿಗೆಗೆ ಈ ಪಾಚಿಯ ಕಟ್ಟು ಹಾಗೆ. ಹಿದಾಕಾದ ಕೊಂಬುವಿಗೆ ದೇಶದಲ್ಲೆಲ್ಲ ಹೆಸರಿದೆ. ಮೊದಲು ಅಲ್ಲಿಗೆ ರೈಲಿತ್ತು. ೨೦೧೫ರಲ್ಲಿ ಕಡಲಿನ ಅಲೆಗಳು ಹಳಿಯ ಬುಡವನ್ನು ಕೊಚ್ಚಿಹಾಕಿದವು. ೨೦೨೧ರಲ್ಲಿ ಆ ದಾರಿಯನ್ನು ಮುಚ್ಚಿಯೇಬಿಟ್ಟರು. ಇಂಥ ಒಂದು ಮೂಲೆಯ ಊರಿನ ಹೆಸರು ಮನೋವೈದ್ಯರ ಬಾಯಲ್ಲಿಯೂ ಸಮಾಜಶಾಸ್ತ್ರಜ್ಞರ ಬಾಯಲ್ಲಿಯೂ ಆಡುತ್ತಿರುವುದಕ್ಕೆ ಕಾರಣ ಅಲ್ಲಿಯ ‘ಬೆತೆಲ್ ಮನೆ’.

ಈ ಮನೆಯ ಹೊಸತನವು ತಿಳಿಯಬೇಕಾದರೆ ಜಪಾನು ತನ್ನ ಮನೋರೋಗಿಗಳನ್ನು ಹೇಗೆ ಕಂಡಿತೆಂಬುದನ್ನು ಮೊದಲು ನೋಡಬೇಕು. ೧೯೦೦ರಲ್ಲಿ ಅಲ್ಲಿ ಒಂದು ಕಾಯಿದೆಯಾಯಿತು. ರೋಗಿಯನ್ನು ಕಾಯುವ ಹೊಣೆಯನ್ನು ಅದು ಮನೆಯವರ ಮೇಲೆ ಹೊರಿಸಿತು. ಸರ್ಕಾರದ ಅಪ್ಪಣೆ ಪಡೆದು ಮನೆಯೊಳಗೇ ಮರದ ಸರಳಿನ ಕೋಣೆ ಕಟ್ಟಿ ಅವನನ್ನು ಕೂಡಿಹಾಕಬಹುದೆಂದು ವಿಧಿಸಿತು. ಜಪಾನಿನ ಮನೋವೈದ್ಯಶಾಸ್ತ್ರದ ಪಿತಾಮಹನೆನಿಸಿದ ಕುರೆ ಶೂಜೋ ಎಂಬಾತನು ತನ್ನ ಶಿಷ್ಯರನ್ನು ಊರೂರಿಗೆ ಕಳುಹಿಸಿ, ಆ ಕೋಣೆಗಳನ್ನು ಕಣ್ಣಾರೆ ಕಂಡು ಬರೆಯಿಸಿ, ೧೯೧೮ರಲ್ಲಿ ಒಂದು ವರದಿಯನ್ನು ಪ್ರಕಟಿಸಿದನು. ರೋಗಕ್ಕೆ ತುತ್ತಾದದ್ದು ಈ ಜನರ ಒಂದು ದುರ್ದೈವವಾದರೆ ಇಂಥ ನಾಡಿನಲ್ಲಿ ಹುಟ್ಟಿದ್ದು ಇನ್ನೊಂದು ದುರ್ದೈವವೆಂಬುದು ಅವನು ಮನನೊಂದು ಹೇಳಿದ ಮಾತಿನ ತಾತ್ಪರ್ಯ. ಮನೆಯಲ್ಲಿ ಕೂಡಿಹಾಕುವ ಪದ್ಧತಿಯನ್ನು ಕಾಯಿದೆಯು ತೆಗೆದುಹಾಕಿದ್ದು ೧೯೫೦ರಲ್ಲಿ. ಅನಂತರ ಮರದ ಸರಳಿನ ಸ್ಥಾನಕ್ಕೆ ಆಸ್ಪತ್ರೆಯ ಗೋಡೆ ಬಂದಿತು. ೧೯೬೪ರಲ್ಲಿ ಮನೋರೋಗಿಯಾದ ಒಬ್ಬ ಯುವಕನು ಅಮೆರಿಕದ ರಾಯಭಾರಿ ರೈಶವರ್ ಅವರನ್ನು ಇರಿದನು. ಪತ್ರಿಕೆಗಳು ಕೂಗಾಡಿದವು, ಮರುವರ್ಷವೇ ಕಾಯಿದೆಯನ್ನು ಬಿಗಿಮಾಡಿದರು. ಖಾಸಗಿ ಮನೋರೋಗಾಸ್ಪತ್ರೆಗಳು ಅಣಬೆಯಂತೆ ಎದ್ದವು. ಇಂದಿಗೂ ಆ ದೇಶದಲ್ಲಿ ಮನೋರೋಗಿಗಳಿಗೆಂದೇ ಇರುವ ಹಾಸಿಗೆಗಳು ಮೂರು ಲಕ್ಷಕ್ಕೂ ಮೇಲ್ಪಟ್ಟಿವೆ. ಮುಂದುವರಿದ ದೇಶಗಳ ಪೈಕಿ ಜನಸಂಖ್ಯೆಗೆ ಹೋಲಿಸಿದರೆ ಇಷ್ಟು ಹಾಸಿಗೆಗಳಿರುವ ದೇಶ ಬೇರೊಂದಿಲ್ಲ. ಅನೇಕರು ಯೌವನದಲ್ಲಿ ಒಳಹೊಕ್ಕು ಮುಪ್ಪಿನಲ್ಲಿಯೂ ಹೊರಬಾರದೆ ಉಳಿದರು.

ಉರಕಾವದ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿಯೂ ಅಂಥದೊಂದು ಮನೋರೋಗ ವಿಭಾಗವಿತ್ತು. ೧೯೭೮ರಲ್ಲಿ ಮುಕಾಯಿಯಾಚಿ ಇಕುಯೋಶಿ ಎಂಬ ತರುಣನು ಸಮಾಜಸೇವಾ ಕಾರ್ಯಕರ್ತನಾಗಿ ಆ ಆಸ್ಪತ್ರೆಗೆ ಬಂದನು. ಆಸ್ಪತ್ರೆಯಿಂದ ಬಿಡುಗಡೆ ಹೊಂದಿದ ಕೆಲವರು ಆ ವರ್ಷವೇ ಒಂದು ಚಿಕ್ಕ ಕೂಟವನ್ನು ಕಟ್ಟಿಕೊಂಡು ಅದಕ್ಕೆ ಓಕ್ ಮರದ ಬೀಜದ ಹೆಸರಿಟ್ಟರು. ಅವರಿಗೆ ಇರಲು ಮನೆಯಿರಲಿಲ್ಲ, ಮಾಡಲು ಕೆಲಸವಿರಲಿಲ್ಲ. ಊರಿನ ಕ್ರೈಸ್ತ ದೇವಾಲಯದ ಹಳೆಯ ಕಟ್ಟಡ ಖಾಲಿ ಬಿದ್ದಿತ್ತು. ಅಲ್ಲಿ ಬಂದು ನೆಲೆಸಿದರು. ಮುಕಾಯಿಯಾಚಿಯೂ ಅವರ ಜೊತೆಯಲ್ಲಿಯೇ ವಾಸಮಾಡಿದನು. ೧೯೮೪ರಲ್ಲಿ ಅಲ್ಲಿಯ ಪಾದ್ರಿಯು ಆ ಮನೆಗೆ ‘ಬೆತೆಲ್’ ಎಂದು ಹೆಸರಿಟ್ಟನು. ದೇವರ ಮನೆ ಎಂಬುದು ಆ ಹೀಬ್ರೂ ಪದದ ಅರ್ಥ. ಜರ್ಮನಿಯ ಬೀಲೆಫೆಲ್ಡ್ ನಗರದಲ್ಲಿ ಮೂರ್ಛೆರೋಗಿಗಳಿಗಾಗಿ ೧೮೬೭ರಲ್ಲಿ ಹುಟ್ಟಿದ ಬೆತೆಲ್ ಎಂಬ ಆಶ್ರಯಧಾಮವಿದೆ. ನಾಟ್ಸಿಗಳು ರೋಗಿಗಳನ್ನು ಬಾಳಲು ಅನರ್ಹರೆಂದು ಕೊಲ್ಲತೊಡಗಿದಾಗ ಅದರ ಮುಖ್ಯಸ್ಥನು ಆ ಕಾರ್ಯಕ್ಕೆ ಅಡ್ಡನಿಂತನು. ಪಾದ್ರಿಯ ಮನಸ್ಸಿನಲ್ಲಿದ್ದದ್ದು ಆ ನೆನಪು.

ಹೊಟ್ಟೆಪಾಡಿಗೆ ಈ ಜನ ಕೊಂಬು ಪಾಚಿಯನ್ನು ಪೊಟ್ಟಣ ಕಟ್ಟುವ ಕೆಲಸವನ್ನು ಹಿಡಿದರು. ಮೊದಲು ಇನ್ನೊಬ್ಬರಿಗಾಗಿ ಕೂಲಿಗೆ ಕಟ್ಟಿದರು. ಅನಂತರ ತಾವೇ ಪಾಚಿಯನ್ನು ಕೊಂಡು, ತಾವೇ ಕಟ್ಟಿ, ತಾವೇ ಮಾರತೊಡಗಿದರು. ೧೯೯೩ರಲ್ಲಿ ಒಂದು ಕಂಪೆನಿಯನ್ನೇ ಸ್ಥಾಪಿಸಿದರು. ಇದರಲ್ಲಿ ವಿಶೇಷವೇನು, ರೋಗಿಗಳಿಗೆ ಕೈಕೆಲಸ ಕಲಿಸುವ ಸಂಸ್ಥೆಗಳು ಎಲ್ಲೆಡೆಯೂ ಇಲ್ಲವೆ, ಎಂದು ಕೇಳಬಹುದು. ವಿಶೇಷವು ಆ ಕೆಲಸದ ಕ್ರಮದಲ್ಲಿದೆ. ಕೆಲವೇ ನಿಮಿಷ ಕುಳಿತು ಕೆಲಸಮಾಡಬಲ್ಲವರೂ ಆ ಗುಂಪಿನಲ್ಲಿದ್ದರು; ಬೆಳಗ್ಗೆ ಏಳಲಾರದವರೂ ಇದ್ದರು. ಅವರನ್ನು ತಿದ್ದಿ ಎಂಟು ಗಂಟೆ ಕೂಡಿಸುವ ಯತ್ನವನ್ನು ಬೆತೆಲ್ ಮಾಡಲಿಲ್ಲ. ಒಬ್ಬನು ಎದ್ದುಹೋದರೆ ಇನ್ನೊಬ್ಬನು ಬಂದು ಕೂರುವ ಏರ್ಪಾಡು ಮಾಡಿಕೊಂಡಿತು. ನಿಶ್ಚಿಂತೆಯಿಂದ ಕೆಲಸ ತಪ್ಪಿಸಿಕೊಳ್ಳಬಹುದಾದ ಕೆಲಸದ ಮನೆಯನ್ನು ಕಟ್ಟುವುದು ತಮ್ಮ ಧ್ಯೇಯವೆಂದು ಅವರು ಸಾರಿದರು. ಆ ಮನೆಯಲ್ಲಿ ಇಂಥ ಸೂತ್ರಗಳು ಹಲವಿವೆ. ದೌರ್ಬಲ್ಯವೇ ನಮ್ಮನ್ನು ಕಟ್ಟುವ ನಂಟು ಎಂಬುದು ಒಂದು. ಮೂರು ಹೊತ್ತಿನ ಊಟಕ್ಕಿಂತ ಕೂಡಿ ಮಾತಾಡುವುದು ಮೇಲು ಎಂಬುದು ಮತ್ತೊಂದು. ಏರುವ ಬಾಳನ್ನು ಬಿಟ್ಟು ಇಳಿಯುವ ಬಾಳನ್ನು ಕಲಿಯೋಣ ಎಂಬುದು ಇನ್ನೊಂದು. ಅವರು ನಡಸುವ ಕಾಫಿ ಅಂಗಡಿಯ ಹೆಸರು ‘ಬುರಾಬುರಾ’. ಸುಮ್ಮನೆ ಅಡ್ಡಾಡುವುದೆಂದು ಅದರರ್ಥ. ಉದ್ಯೋಗವೇ ಪುರುಷಲಕ್ಷಣವೆಂದು ನಂಬಿದ, ಅಡ್ಡಾಡುವವನನ್ನು ಕಂಡರೆ ಮುಖ ತಿರುಗಿಸುವ ಜಪಾನಿನಲ್ಲಿ ಇಂಥ ಹೆಸರಿಡುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಬೆತೆಲ್ಲಿನ ನಿಜವಾದ ಉದ್ಯಮ ಮಾತು. ದಿನವೂ ಅಲ್ಲಿ ಸಭೆ ಸೇರುತ್ತದೆ. ತನ್ನ ಮೈಮನಸ್ಸುಗಳ ಸ್ಥಿತಿ ಈ ದಿನ ಹೇಗಿದೆ ಎಂಬುದನ್ನು ಪ್ರತಿಯೊಬ್ಬನೂ ಹೇಳುತ್ತಾನೆ. ಆಸ್ಪತ್ರೆಯಲ್ಲಿ ರೋಗಿಯು ತನಗೆ ಕೇಳುವ ಇಲ್ಲದ ದನಿಗಳನ್ನು ಮುಚ್ಚಿಟ್ಟುಕೊಳ್ಳುತ್ತಾನೆ. ಹೇಳಿದರೆ ಮದ್ದು ಹೆಚ್ಚೀತು, ಬಿಡುಗಡೆ ತಪ್ಪೀತು ಎಂಬ ಭಯ. ಇಲ್ಲಿ ಅದನ್ನೇ ಹೇಳಬೇಕು. ಆ ದನಿಗಳಿಗೆ ಅವರಿಟ್ಟ ಹೆಸರು ‘ಗೆಂಚೋ-ಸಾನ್’. ಗೆಂಚೋ ಎಂದರೆ ಭ್ರಮೆಯ ದನಿ. ಸಾನ್ ಎಂಬುದು ಜಪಾನಿಯರು ಗೌರವಕ್ಕೆ ಹಚ್ಚುವ ಪ್ರತ್ಯಯ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ‘ದನಿಯಪ್ಪನವರು’ ಎನ್ನಬೇಕು. ಬೈಯುವ, ಹೆದರಿಸುವ, ಸಾಯೆಂದು ಪೀಡಿಸುವ ಒಂದು ಶಕ್ತಿಗೆ ಅಪ್ಪ ಅವರು ಎಂದು ಹಚ್ಚಿದ ಕೂಡಲೆ ಅದರೊಡನೆ ನಾಲ್ಕು ಮಾತಾಡುವುದು ಸಾಧ್ಯವಾಗುತ್ತದೆ. ‘ದನಿಯಪ್ಪನವರೆ, ಈ ಹೊತ್ತು ನನಗೆ ದಣಿವಾಗಿದೆ, ದಯಮಾಡಿ ಮನೆಗೆ ಹೋಗಿ ನಾಳೆ ಬನ್ನಿ’ ಎಂದು ಬಿನ್ನಯಿಸಿಕೊಳ್ಳುವುದನ್ನು ಅವರು ಒಬ್ಬರಿಂದೊಬ್ಬರು ಕಲಿತರು. ತಾನು ಕೆಲಸಕ್ಕೆ ಬಾರದವನು, ತನ್ನನ್ನು ಎಲ್ಲರೂ ಹಗೆಯುತ್ತಾರೆ ಎಂದು ತಾನಾಗಿ ಬಂದು ಕವಿಯುವ ಯೋಚನೆಗಳಿಗೆ ಅವರು ‘ಅತಿಥಿಗಳು’ ಎನ್ನುತ್ತಾರೆ. ಅತಿಥಿಯು ಕರೆಯದೆ ಬರುತ್ತಾನೆ, ಆದರೆ ಮನೆಯ ಯಜಮಾನನಲ್ಲ. ಬಂದ ಮೇಲೆ ಹೋಗಲೂಬೇಕು. ಒಂದು ಪದದಿಂದ ಎಷ್ಟು ಉಪಕಾರವಾಯಿತೆಂಬುದನ್ನು ನೋಡಿರಿ.

ಈ ಸಭೆಗಳ ಬಗೆಗೆ ಅಲ್ಲಿ ಹೇಳುವ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ತಾನು ಆಕಾಶದಿಂದ ಬರುವ ಹಾರುವ ತಟ್ಟೆಯನ್ನು ಏರಿ ಹೊರಡಬೇಕಾಗಿದೆಯೆಂದು ಒಬ್ಬ ತರುಣನು ಚಡಪಡಿಸುತ್ತಿದ್ದನು. ಅಂಥ ತಟ್ಟೆಯಿಲ್ಲ, ಅದೆಲ್ಲ ನಿನ್ನ ಭ್ರಮೆ ಎಂದು ವಾದಿಸಿದ್ದರೆ ಅವನು ಕತ್ತಲೆಯಲ್ಲಿ ಹೊರಟೇಹೋಗುತ್ತಿದ್ದನೋ ಏನೋ. ಸ್ನೇಹಿತರು ತುರ್ತಾಗಿ ಸಭೆ ಸೇರಿದರು. ಅವರಲ್ಲಿ ಬಹುಮಂದಿ ಇಂಥ ಪ್ರಯಾಣಕ್ಕೆ ತಾವೇ ಒಮ್ಮೆ ಹೊರಟವರು. ಒಬ್ಬನು ಗಂಭೀರವಾಗಿ ಕೇಳಿದನು: ‘ತಟ್ಟೆಯನ್ನು ಹತ್ತಲು ನಿನ್ನ ಬಳಿ ಲೈಸೆನ್ಸು ಇದೆಯೆ?’ ಇಲ್ಲವೆಂದನು. ಹಾಗಾದರೆ ಅದನ್ನು ಡಾಕ್ಟರ್ ಕಾವಾಮುರಾ ಕೊಡುತ್ತಾರೆ, ಮೊದಲು ಅಲ್ಲಿಗೆ ಹೋಗೋಣ ಎಂದರು. ತರುಣನು ಒಪ್ಪಿ ಆಸ್ಪತ್ರೆಗೆ ನಡೆದನು. ಕಾವಾಮುರಾ ತೋಶಿಆಕಿ ಎಂಬುವರು ಆ ಊರಿನ ಮನೋವೈದ್ಯರು. ಬೆತೆಲ್ಲಿಗೆ ಮೊದಲಿನಿಂದಲೂ ಬೆಂಬಲವಾಗಿ ನಿಂತವರು. ಅವರ ಬಳಿಗೆ ರೋಗಿಯನ್ನು ಕರೆದೊಯ್ಯಲು ಪೊಲೀಸರೂ ಬೇಕಾಗಲಿಲ್ಲ, ಹಗ್ಗವೂ ಬೇಕಾಗಲಿಲ್ಲ. ತಾನು ಹೋದ ದಾರಿಯನ್ನು ಬಲ್ಲವನು ಮಾತ್ರ ಆ ದಾರಿಯ ತಿರುವಿನಲ್ಲಿ ಇಂಥ ಪ್ರಶ್ನೆಯನ್ನು ಕೇಳಬಲ್ಲನು.

೧೯೯೦ರ ದಶಕದಿಂದ ಬೆತೆಲ್ಲಿನವರು ತಮ್ಮ ವಾರ್ಷಿಕ ಸಭೆಯಲ್ಲಿ ಭ್ರಮೆ ಭ್ರಾಂತಿಗಳ ಒಂದು ಸ್ಪರ್ಧೆಯನ್ನು ನಡಸುತ್ತ ಬಂದಿದ್ದಾರೆ. ಆ ವರ್ಷದ ಅತ್ಯುತ್ತಮ ಭ್ರಾಂತಿಗೆ ಅಲ್ಲಿ ಬಹುಮಾನ! ದೂರದೂರದಿಂದ ಜನ ನೋಡಬರುತ್ತಾರೆ. ಕಂಡವನು ವೇದಿಕೆಯ ಮೇಲೆ ನಿಂತು ತಾನು ಕಂಡದ್ದನ್ನು ಹೇಳುತ್ತಾನೆ. ಸಭೆ ನಗುತ್ತದೆ, ಅವನೂ ನಗುತ್ತಾನೆ. ಯಾವ ಭ್ರಾಂತಿಯು ಹೆಚ್ಚು ವಿಚಿತ್ರವಾಗಿತ್ತು ಎಂಬುದಕ್ಕಿಂತ ಯಾವುದು ಹೆಚ್ಚು ಜನರನ್ನು ಹತ್ತಿರ ತಂದಿತು ಎಂಬುದನ್ನು ಬಹುಮಾನ ಕೊಡುವವರು ನೋಡುತ್ತಾರೆ.

೨೦೦೧ರಲ್ಲಿ ಈ ಮಾತಿನ ಉದ್ಯಮಕ್ಕೆ ಒಂದು ಶಾಸ್ತ್ರದ ರೂಪ ಬಂದಿತು. ಸಿಟ್ಟು ಸ್ಫೋಟಿಸಿದಾಗ ಮನೆಯ ಸಾಮಾನುಗಳನ್ನು ಒಡೆದುಹಾಕುತ್ತಿದ್ದ ಒಬ್ಬ ತರುಣನಿಗೆ ಮುಕಾಯಿಯಾಚಿಯು, ಈ ಸ್ಫೋಟವನ್ನು ನಾವಿಬ್ಬರೂ ಕೂಡಿ ಸಂಶೋಧನೆ ಮಾಡೋಣವೆ ಎಂದು ಕೇಳಿದನು. ಸಂಶೋಧನೆಯೆಂಬ ಮಾತು ಕೇಳಿ ಅವನ ಮುಖವು ಅರಳಿತಂತೆ. ಅದುವರೆಗೆ ಅವನು ತಪ್ಪಿತಸ್ಥ. ಆ ಗಳಿಗೆಯಿಂದ ಸಂಶೋಧಕ. ಹೀಗೆ ಹುಟ್ಟಿದ ಕ್ರಮಕ್ಕೆ ‘ತೋಜಿಶಾ ಕೆಂಕ್ಯೂ’ ಎಂದು ಹೆಸರು. ಯಾರಿಗೆ ಬಾಧೆಯೋ ಅವರೇ ಮಾಡುವ ಸಂಶೋಧನೆ ಎಂದರ್ಥ. ‘ಸ್ವಾನುಭವ ಶೋಧನೆ’ ಎಂದು ಕನ್ನಡಿಸಬಹುದು. ಮೊದಲು ಬಾಧೆಯನ್ನೂ ಬಾಧೆಪಡುವವನನ್ನೂ ಬೇರೆಮಾಡಿ ನೋಡಬೇಕು. ಎರಡನೆಯದಾಗಿ, ವೈದ್ಯರು ಕೊಟ್ಟ ಹೆಸರಿನ ಜೊತೆಗೆ ತನ್ನ ಬಾಧೆಗೆ ತಾನೇ ಒಂದು ಹೆಸರಿಡಬೇಕು. ಬಳಿಕ ಅದು ಯಾವಾಗ ಬರುತ್ತದೆ, ಹೇಗೆ ಬೆಳೆಯುತ್ತದೆ, ಯಾವುದರಿಂದ ಇಳಿಯುತ್ತದೆ ಎಂಬುದನ್ನು ಹಲಗೆಯ ಮೇಲೆ ಚಿತ್ರ ಬರೆದು ಗೆಳೆಯರೊಡನೆ ಚರ್ಚಿಸಬೇಕು. ಪಾರಾಗುವ ಉಪಾಯವನ್ನು ಹೂಡಿ, ನಾಟಕದಂತೆ ಆಡಿ ಅಭ್ಯಾಸಮಾಡಿ, ಫಲವನ್ನು ಮತ್ತೆ ಸಭೆಗೆ ತಿಳಿಸಬೇಕು. ಒಬ್ಬನು ತನ್ನ ರೋಗವನ್ನು ‘ಸ್ಕಿಜೋಫ್ರೇನಿಯಾ, ಮೈಯೆಲ್ಲ ಓಟದ ಜಾತಿ’ ಎಂದು ಕರೆದುಕೊಂಡನು. ಇನ್ನೊಬ್ಬನದು ‘ವಾರದ ಕೊನೆಗೆ ಕಾಸಿಲ್ಲದ ಜಾತಿ’. ಮತ್ತೊಬ್ಬರದು ‘ಮನುಷ್ಯರ ಅಲರ್ಜಿ’. ಓದಿದರೆ ನಗು ಬರುತ್ತದೆ. ಆದರೆ ವಾರದ ಕೊನೆಗೆ ಕಾಸು ಮುಗಿದಾಗ ಹಸಿವು, ಹಸಿವಿನಿಂದ ಸಂಕೋಚ, ಸಂಕೋಚದಿಂದ ಒಂಟಿತನ, ಒಂಟಿತನದಿಂದ ದನಿಗಳು ಎಂಬ ಸರಪಳಿಯನ್ನು ಆ ಹೆಸರು ಎಷ್ಟು ಚೆನ್ನಾಗಿ ತೋರಿಸುತ್ತದೆ! ಯಾವ ವೈದ್ಯಕೋಶದ ಪದಕ್ಕೂ ಈ ಶಕ್ತಿಯಿಲ್ಲ. ಈ ಕ್ರಮವು ಬೆತೆಲ್ಲಿನ ಹೊರಗೂ ಹರಡಿ, ತೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಕುಮಾಗಾಯಾ ಶಿನ್‌ಇಚಿರೋ ಎಂಬ, ಸ್ವತಃ ಅಂಗವೈಕಲ್ಯವುಳ್ಳ ವೈದ್ಯರ ನೇತೃತ್ವದಲ್ಲಿ ಅಭ್ಯಾಸದ ವಿಷಯವಾಗಿದೆ.

ಇದೇ ಕಾಲಕ್ಕೆ ಜಪಾನಿನಲ್ಲಿ ಇನ್ನೊಂದು ನಾಮಕರಣವೂ ನಡೆಯಿತು. ಸ್ಕಿಜೋಫ್ರೇನಿಯಾ ರೋಗಕ್ಕೆ ಅಲ್ಲಿಯವರು ಮೊದಲು ಬಳಸುತ್ತಿದ್ದ ಪದಕ್ಕೆ ‘ಮನಸ್ಸು ಸೀಳಿದ ರೋಗ’ ಎಂದರ್ಥ. ಈ ಹೆಸರನ್ನು ಬದಲಿಸಬೇಕೆಂದು ರೋಗಿಗಳ ಕುಟುಂಬದವರ ಸಂಘವು ೧೯೯೩ರಲ್ಲಿ ಮೊರೆಯಿಟ್ಟಿತು. ಮನೋವೈದ್ಯರ ಪರಿಷತ್ತು ವರ್ಷಗಟ್ಟಲೆ ವಿಚಾರಮಾಡಿ, ೨೦೦೨ರಲ್ಲಿ ಅದನ್ನು ತೆಗೆದು, ‘ಹೊಂದಿಕೆ ತಪ್ಪಿದ ಸ್ಥಿತಿ’ ಎಂಬ ಅರ್ಥದ ಪದವನ್ನು ಇಟ್ಟಿತು. ಸೀಳಿದ್ದನ್ನು ಹೊಲಿಯುವುದು ಕಷ್ಟ. ಹೊಂದಿಕೆ ತಪ್ಪಿದ್ದು ಮತ್ತೆ ಹೊಂದಬಹುದು. ಹೊಸ ಹೆಸರು ಬಂದ ಮೇಲೆ ರೋಗಿಗೆ ಅವನ ರೋಗವನ್ನು ತಿಳಿಸುವುದು ವೈದ್ಯರಿಗೆ ಸುಲಭವಾಯಿತು. ನಮ್ಮ ಕನ್ನಡದಲ್ಲಿ ಈಗಲೂ ಬಳಕೆಯಲ್ಲಿರುವ ‘ಛಿದ್ರಮನಸ್ಕತೆ’ ಎಂಬ ಪದವು ಜಪಾನೀಯರು ಬಿಟ್ಟುಕೊಟ್ಟ ಪದದ ಅಣ್ಣನೋ ತಮ್ಮನೋ ಆಗಿದೆ ಎಂಬುದನ್ನು ಪಾರಿಭಾಷಿಕ ಪದಗಳ ಕೆಲಸದಲ್ಲಿರುವವರು ಗಮನಿಸಬೇಕು.

ಇವೆರಡು ನಾಮಕರಣಗಳಿಗೂ ಭೇದವುಂಟು. ಪರಿಷತ್ತು ಇಟ್ಟ ಹೆಸರು ಎಲ್ಲ ರೋಗಿಗಳಿಗೂ ಒಂದೇ. ಅದು ಹಳೆಯ ಗಾಯವನ್ನು ತೊಳೆಯಿತು. ಆದರೆ ಸಮಾಜದ ಮನಸ್ಸು ಬದಲಾಗದಿದ್ದರೆ ಇಂದಿನ ಮರ್ಯಾದೆಯ ಪದವೂ ನಾಳೆ ಬೈಗುಳವಾದೀತು. ಬೆತೆಲ್ಲಿನವನು ತನಗೆ ತಾನೇ ಇಟ್ಟುಕೊಂಡ ಹೆಸರನ್ನು ಬೈಗುಳವಾಗಿ ತಿರುಗಿಸುವುದು ಯಾರಿಂದಲೂ ಆಗದು. ಅದರಲ್ಲಿರುವ ಹಾಸ್ಯವನ್ನು ಅವನು ಮೊದಲೇ ಆಡಿಬಿಟ್ಟಿದ್ದಾನೆ.

ಹಾಸ್ಯದ ಮಾತು ಬಂದುದರಿಂದ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ರೋಗಿಗಳನ್ನು ವೇದಿಕೆಯೇರಿಸಿ ನಗುವುದು ಸಲ್ಲುವುದೇ? ಹಿಂದೆ ಲಂಡನ್ನಿನ ಬೆಡ್ಲಂ ಆಸ್ಪತ್ರೆಯಲ್ಲಿ ಜನರು ವಿನೋದಕ್ಕೆಂದು ಹುಚ್ಚರನ್ನು ನೋಡಹೋಗುತ್ತಿದ್ದರಲ್ಲ, ಇದೂ ಅದೇ ಅಲ್ಲವೆ? ಶಂಕೆ ನ್ಯಾಯವಾದದ್ದೇ. ಆದರೆ ಬೆಡ್ಲಮ್ಮಿನಲ್ಲಿ ನಗುವವನು ಸರಳಿನ ಹೊರಗಿದ್ದನು, ನಗೆಗೆ ಗುರಿಯಾದವನು ಒಳಗಿದ್ದನು. ಉರಕಾವದಲ್ಲಿ ಕಥೆಯನ್ನು ಆರಿಸುವವನು ಕಂಡವನೇ; ಎಲ್ಲಿ ನಗಬೇಕೆಂದು ಸೂಚಿಸುವವನೂ ಅವನೇ. ನಗೆಗೂ ಮನಸ್ಸಿನ ಆರೋಗ್ಯಕ್ಕೂ ಇರುವ ಸಂಬಂಧವು ಕನ್ನಡಿಗರಿಗೆ ಹೊಸದಲ್ಲ. ೧೯೪೨ರಿಂದ ೧೯೬೭ರ ವರೆಗೆ ‘ಕೊರವಂಜಿ’ ಪತ್ರಿಕೆಯನ್ನು ನಡಸಿ ನಾಡನ್ನು ನಗಿಸಿದ ರಾಶಿಯವರು ವೃತ್ತಿಯಿಂದ ವೈದ್ಯರು. ಆ ಡಾಕ್ಟರ್ ಶಿವರಾಂ ಅವರೇ ಮನೋವೈದ್ಯದ ವಿಚಾರವಾಗಿ ಬರೆದ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಒಂದೇ ಲೇಖನಿಯಿಂದ ನಗೆಯೂ ಮನಸ್ಸಿನ ವಿಚಾರವೂ ಹರಿದುಬಂದದ್ದು ಆಕಸ್ಮಿಕವೆಂದು ತೋರುವುದಿಲ್ಲ.

ಊರಿನ ಜನರೇನು ಮಾಡಿದರು? ಅವರಿಗೂ ಭಯವಿತ್ತು, ಗುಸುಗುಸು ಇತ್ತು. ಬೆತೆಲ್ಲಿನವರು ಒಮ್ಮೆ ಊರವರನ್ನೆಲ್ಲ ಒಂದು ಸಭೆಗೆ ಆಹ್ವಾನಿಸಿದರು. ಪೂರ್ವಗ್ರಹಗಳಿಗೂ ಭೇದಭಾವಕ್ಕೂ ಹೃತ್ಪೂರ್ವಕ ಸ್ವಾಗತ, ಯಾರನ್ನೂ ಖಂಡಿಸುವುದಿಲ್ಲ ಎಂಬುದು ಆ ಆಹ್ವಾನದ ಭಾವ. ನಿಮ್ಮ ಮನಸ್ಸಿನಲ್ಲಿರುವ ಭಯವನ್ನು ನಮ್ಮ ಮುಖದ ಮುಂದೆಯೇ ಹೇಳಿಬಿಡಿ ಎಂದರು. ಪೂರ್ವಗ್ರಹವನ್ನು ಇಟ್ಟುಕೊಳ್ಳಬೇಡಿರೆಂದು ಉಪದೇಶಿಸಿದರೆ ಕೇಳುವವನು ಅದನ್ನು ಒಳಗೆ ಬಚ್ಚಿಡುತ್ತಾನೆ, ಬಚ್ಚಿಟ್ಟದ್ದು ಬೆಳೆಯುತ್ತದೆ. ತಮ್ಮ ಭ್ರಾಂತಿಗಳನ್ನು ಬಯಲಿಗಿಟ್ಟವರು ಊರಿನವರ ಭ್ರಾಂತಿಗಳಿಗೂ ಅದೇ ಮದ್ದನ್ನು ಕೊಟ್ಟರು. ಪಾಚಿಯನ್ನು ಮೀನುಗಾರರಿಂದ ಕೊಳ್ಳುವವರು, ಊರಿನ ಅಂಗಡಿಯಲ್ಲಿ ದುಡ್ಡು ವ್ಯಯಮಾಡುವವರು, ಹೊರಗಿನ ಜನರನ್ನು ಊರಿಗೆ ಕರೆತರುವವರು ಇವರೇ ಆದರು. ಉಪನ್ಯಾಸಗಳಿಗಿಂತ ಈ ಕೊಡುಕೊಳೆಯೇ ಹೆಚ್ಚಿನ ಕೆಲಸವನ್ನು ಮಾಡಿರಬೇಕು.

ಹೀಗೆಂದು ಬೆತೆಲ್ ಒಂದು ಸ್ವರ್ಗವೆಂದು ಯಾರೂ ಭಾವಿಸಬೇಕಾಗಿಲ್ಲ. ಅಲ್ಲಿಯವರು ಮದ್ದನ್ನು ಬಿಟ್ಟವರಲ್ಲ. ಮತ್ತೆ ಮತ್ತೆ ಆಸ್ಪತ್ರೆ ಸೇರುವವರೂ ಇದ್ದಾರೆ. ಜಗಳ ಮನಸ್ತಾಪಗಳಿಗೆ ಕೊರತೆಯಿಲ್ಲ. ಸಮಸ್ಯೆಗಳು ಬಂದರೆ, ಎಲ್ಲವೂ ಸರಿಯಾಗಿ ನಡೆಯುತ್ತಿದೆಯೆಂದು ಅವರು ಹೇಳಿಕೊಳ್ಳುತ್ತಾರೆ. ಗುಣವಾಗುವುದು ಅವರ ಮುಖ್ಯ ಗುರಿಯಲ್ಲ. ರೋಗದ ಹೆಸರಿನಲ್ಲಿ ಇತರರು ಕಸಿದುಕೊಂಡ ತಮ್ಮ ಬಾಳಿನ ಸಾಮಾನ್ಯ ಕಷ್ಟಗಳನ್ನು ಮರಳಿ ಪಡೆಯುವುದು ಗುರಿ. ಬಾಡಿಗೆ ಕಟ್ಟುವ ಕಷ್ಟ, ಪ್ರೀತಿಸಿ ಸೋಲುವ ಕಷ್ಟ, ಸಹೋದ್ಯೋಗಿಯ ಮಾತಿಗೆ ಮುನಿಯುವ ಕಷ್ಟ. ಇದರ ಪರಿಣಾಮವನ್ನು ಅಳೆಯುವುದಕ್ಕೆ ಒಂದು ಅಂಶ ಸಾಕು. ಒಂದು ಕಾಲಕ್ಕೆ ೧೩೦ ಹಾಸಿಗೆಗಳಿದ್ದ ಆ ಆಸ್ಪತ್ರೆಯ ಮನೋರೋಗ ವಿಭಾಗವು ಕ್ರಮೇಣ ಕಿರಿದಾಗಿ ೨೦೧೪ರಲ್ಲಿ ಮುಚ್ಚಿತು. ಕಾವಾಮುರಾ ಅವರು ಊರಿನಲ್ಲಿಯೇ ಒಂದು ಚಿಕ್ಕ ಚಿಕಿತ್ಸಾಲಯವನ್ನು ತೆರೆದರು. ಮುಚ್ಚಿದ್ದರಿಂದ ತೊಂದರೆಗಳೂ ಇಲ್ಲದಿಲ್ಲ. ಆದರೆ ರೋಗಿಗಳು ಊರಿನೊಳಗೆ ಬಾಳುತ್ತಿದ್ದಾರೆ.

ಇನ್ನು ನಮ್ಮ ಕಡೆಗೆ ನೋಡೋಣ. ಉರಕಾವದಲ್ಲಿ ಸ್ವಾನುಭವ ಶೋಧನೆ ಹುಟ್ಟಿದ ಅದೇ ೨೦೦೧ರ ಆಗಸ್ಟ್ ೬ರಂದು, ನೆರೆಯ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು ೨೮ ಮಂದಿ ಮನೋರೋಗಿಗಳು ಸತ್ತರು. ಓಡಲಾರದಂತೆ ಅವರನ್ನು ಸರಪಳಿಯಿಂದ ಬಿಗಿದಿದ್ದರು. ೨೦೧೭ರ ಮಾನಸಿಕ ಆರೋಗ್ಯ ಸೇವಾ ಕಾಯಿದೆಯು ಸರಪಳಿಯನ್ನು ನಿಷೇಧಿಸಿದೆ. ಆ ಕಾಯಿದೆಯ ಭಾಷೆಯೂ ಬದಲಾಗಿದೆ. ೧೯೧೨ರ ಕಾಯಿದೆಯು ಇವರನ್ನು ಚಂದ್ರನ ಹೆಸರಿನಿಂದ ಹುಟ್ಟಿದ ‘ಲುನಾಟಿಕ್’ ಎಂಬ ಪದದಿಂದ ಕರೆದಿತ್ತು. ೧೯೮೭ರ ಕಾಯಿದೆಯು ‘ಮನೋರೋಗಿ’ ಎಂದಿತು. ೨೦೧೭ರದು ‘ಮನೋರೋಗವಿರುವ ವ್ಯಕ್ತಿ’ ಎನ್ನುತ್ತದೆ. ನಾವು ಆರಂಭದಲ್ಲಿ ಹೇಳಿದ ವಿಭಕ್ತಿಯ ಮಾತು ಕಡೆಗೆ ಕಾಯಿದೆಯವರ ಕಿವಿಗೂ ಬಿದ್ದಂತಾಯಿತು. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ ಮೈಸೂರು ಸರ್ಕಾರವು ‘ಮಾನಸಿಕ ಆಸ್ಪತ್ರೆ’ ಎಂಬ ಹೆಸರನ್ನು ೧೯೨೫ರಷ್ಟು ಹಿಂದೆಯೇ ಕೊಟ್ಟಿತು. ಅದೇ ೧೯೭೪ರಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸೇರಿಹೋಯಿತು. ಆದರೂ ‘ನಿಮ್ಹಾನ್ಸಿಗೆ ಸೇರಿಸಬೇಕು’ ಎಂಬುದು ಇಂದು ನಮ್ಮಲ್ಲಿ ಒಂದು ಬೈಗುಳ. ಮೇಲಿನಿಂದ ಇಟ್ಟ ಹೆಸರಿನ ಗತಿ ಇದು.

ವೈದ್ಯದ ಕೆಲಸ ನಡೆದಿಲ್ಲವೆಂದಲ್ಲ. ೧೯೮೦ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳ ಮೂಲಕ ಚಿಕಿತ್ಸೆಯನ್ನು ಮನೆಬಾಗಿಲಿಗೆ ತಲುಪಿಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೇ ಸಂಸ್ಥೆಯು ೨೦೧೫-೧೬ರಲ್ಲಿ ನಡಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ಬಾಧೆಯಿತ್ತು. ಬೇರೆ ಬೇರೆ ರೋಗಗಳಲ್ಲಿ ನೂರಕ್ಕೆ ೭೦ರಿಂದ ೯೨ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಇದಕ್ಕೆ ವೈದ್ಯರ ಕೊರತೆ ಒಂದು ಕಾರಣವಾದರೆ ಹೆಸರಿನ ಭಯ ಇನ್ನೊಂದು. ಮೊದಲನೆಯದನ್ನು ಸರ್ಕಾರ ನೀಗಬೇಕು. ಎರಡನೆಯದನ್ನು ನೀಗಲು ಉರಕಾವದಂಥ ಕೂಟಗಳು ಬೇಕು.

ಇದಕ್ಕೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಇಲ್ಲದೆ ಇಲ್ಲ. ಹುಚ್ಚಪ್ಪ, ಹ‌ುಚ್ಚಯ್ಯ, ಹುಚ್ಚಮ್ಮ ಎಂಬ ಹೆಸರುಗಳನ್ನು ನಮ್ಮ ಹಳ್ಳಿಗರು ತಮ್ಮ ಮಕ್ಕಳಿಗೆ ಪ್ರೀತಿಯಿಂದ ಇಟ್ಟರು. ಶಿಕಾರಿಪುರದ ಆಂಜನೇಯನು ಹುಚ್ಚರಾಯಸ್ವಾಮಿ. ಐಹೊಳೆಯಲ್ಲಿ ಹುಚ್ಚಿಮಲ್ಲಿಯ ಗುಡಿಯಿದೆ. ಶಿವಶರಣರು ಮರುಳು ಎಂಬ ಪದವನ್ನು ತಮಗೆ ತಾವೇ ಹೇಳಿಕೊಂಡು ಅದಕ್ಕೆ ಮಾನವನ್ನು ತಂದರು. ಅಪ್ಪ, ಅಯ್ಯ, ಅಮ್ಮ ಎಂದು ಹಚ್ಚಿ ಯಾವ ಭಯವನ್ನಾದರೂ ನೆಂಟನನ್ನಾಗಿ ಮಾಡಿಕೊಳ್ಳುವ ಕಲೆ ನಮ್ಮ ನುಡಿಗೆ ಹುಟ್ಟಿನಿಂದ ಬಂದಿದೆ. ಸಿಡುಬಿಗೇ ಅಮ್ಮನೆಂದವರು ನಾವು. ಹಾಗೆಂದು ಹಳೆಯದನ್ನು ಕೊಂಡಾಡಿ ಸುಮ್ಮನಾಗಲಾಗದು. ದೇವರಿಗೆ ಸಂದ ಮರ್ಯಾದೆ ಬೀದಿಯ ರೋಗಿಗೆ ಸಂದಿಲ್ಲ.

ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಕೈಗೆಟುಕುವ ಒಂದು ಕೆಲಸವಿದೆ. ಕಾಲೇಜುಗಳಲ್ಲಿ ಕವಿಗೋಷ್ಠಿಯಿದೆ, ನಾಟಕ ಸಂಘವಿದೆ, ಭಿತ್ತಿಪತ್ರಿಕೆಯಿದೆ. ರಾತ್ರಿ ನಿದ್ದೆ ಬಾರದ ಹುಡುಗನೂ, ಪರೀಕ್ಷೆಯ ಹೊತ್ತಿಗೆ ಕೈ ನಡುಗುವ ಹುಡುಗಿಯೂ, ಆಸ್ಪತ್ರೆಯಿಂದ ತಿರುಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತವನೂ ತಮ್ಮ ಬಾಧೆಗೆ ತಮ್ಮ ಮಾತಿನಲ್ಲಿ ಹೆಸರಿಟ್ಟು, ತಮ್ಮಂಥವರ ನಡುವೆ ಅದನ್ನು ಹೇಳಿಕೊಳ್ಳಲು ಇವುಗಳಲ್ಲಿ ಒಂದು ಮೂಲೆಯನ್ನು ತೆರವು ಮಾಡಬಹುದು. ಚಿಕಿತ್ಸೆ ವೈದ್ಯರ ಕೆಲಸ. ಅದಕ್ಕೆ ನಾವು ಕೈಹಾಕಲಾಗದು. ಆದರೆ ಮಾತು ನಮ್ಮ ಕೆಲಸ. ‘ನನಗೆ ಹೀಗಾಗುತ್ತಿದೆ’ ಎಂದು ಒಬ್ಬನು ಚತುರ್ಥಿಯಲ್ಲಿ ಹೇಳಿದ್ದನ್ನು ‘ಇವನು ಇಂಥವನು’ ಎಂದು ಪ್ರಥಮೆಗೆ ತಿರುಗಿಸದೆ ಕೇಳುವಷ್ಟು ವ್ಯಾಕರಣವನ್ನಾದರೂ ನಾವು ಕಲಿಸಬೇಡವೆ?